ತಮಟೆಯ ಮೇಲೆ ಯುದ್ಧ ಸಾರಿದ ಮುನಿಯಲ್ಲಪ್ಪ

ವಕ್ಕಲೇರಿಯ ಮುನಿಯಲ್ಲಪ್ಪ ಊರಿಗೆ ಟಾಂ ಟಾಂ ಹೊಡೆಯುವವನು. ಸರ್ಕಾರ ಏನೇ ಹೇಳಬೇಕಾದರೂ ಅವನ ಗಂಟಲಿನಿಂದಲೇ ಹೇಳಬೇಕು. ಅದೂ ಎರಡು ಸಲ, ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಬೇರೆ ಊರಿನವರು ತಮಟೆ ನಿಲ್ಲಿಸಿ ಕೂಗುತ್ತಿದ್ದರು. ನಮ್ಮ ವೀರನಿಗೆ ಅದು ಅವಮಾನ. ಬಡಿಯುತ್ತಲೇ ಕೂಗಿ, ತಮಟೆಯನ್ನು ಸೋಲಿಸಿ, ಕೆರೆಯಾಚೆಯ ಎಮ್ಮೆಗಳು ತಲೆಯೆತ್ತುವಂತೆ ಮಾಡುವುದು ಅವನ ವಂಶದ ಬಿರುದು.

೧೯೩೮ರಲ್ಲಿ ತಮಟೆ ಗೆದ್ದಿತು. ಅವನ ಬಾಯಿಂದ ಬರೀ ಗಾಳಿ ಹೊರಟಿತು. ಹೆಂಡತಿ ಮುತ್ಯಾಲಮ್ಮ ಮೆಣಸಿನ ಕಷಾಯ ಕುಡಿಸಿದಳು. ಗಂಟಲು ಉರಿಯಿತು, ದನಿ ಬರಲಿಲ್ಲ. ಪಟೇಲ ಕೋದಂಡರಾಮಪ್ಪನವರು ಹೇಳಿಯೇ ಬಿಟ್ಟರು: "ನೋಡ್ಲಾ, ಮುಂದಿನ ತಿಂಗಳ ಕೊನೇಲಿ ಕಾಲರಾ ಸೂಜಿಯೋರು ಬರ್ತಾರೆ. ಅವತ್ತು ಜನ ಸೇರ್ದೇ ಹೋದ್ರೆ ತಮಟೆ ನಿನ್ನ ಬಾಮೈದ ಗಂಗುಲಪ್ಪಂಗೆ."

ಕೋಲಾರದ ಡಾಕ್ಟರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು. ದನಿ ಹುಟ್ಟುವ ಕಡೆ ಎರಡು ಸಣ್ಣ ಗಂಟು. "ಅದೇನು ಕೆಲಸವೋ, ಮಾಡಿ ತೋರಿಸು" ಎಂದರು. ಅವನು ತಮಟೆ ಬಡಿದು ಬಾಯಿ ತೆರೆದ. ಕತ್ತಿನ ನರಗಳು ಹಗ್ಗದಂತೆ ಎದ್ದವು.

"ನಿಲ್ಸಪ್ಪಾ! ನೀನು ಊರಿಗೆ ಸಾರ್ತಿಲ್ಲ, ತಮಟೆ ಜೊತೆ ಜಗಳ ಆಡ್ತಿದೀಯ. ಒಂದು ತಿಂಗಳು ಮಾತು ಬೇಡ, ಪಿಸುಮಾತೂ ಬೇಡ. ದಿನಾ ಬಿಸಿನೀರಿನ ಹಬೆ ತಗೋ. ಆಮೇಲೆ ಮೊದಲು ಬಡಿ, ನಿಲ್ಸು, ಜನ ಸುಮ್ಮನಾದ ಮೇಲೆ ಮೆತ್ತಗೆ ಹೇಳು."

ಆ ತಿಂಗಳು ಮುತ್ಯಾಲಮ್ಮನ ಸುವರ್ಣಯುಗ. ಇಪ್ಪತ್ತು ವರ್ಷದಿಂದ ಉಳಿಸಿಕೊಂಡಿದ್ದ ಮಾತನ್ನೆಲ್ಲ ಆಡಿದಳು. "ಏಮಯ್ಯಾ, ಜವಾಬು ಲೇದಾ?" ಎಂದು ತೆಲುಗಿನಲ್ಲಿ ಉತ್ತರ ಕೇಳಿ ಕೇಳಿ ಸಂತೋಷಪಟ್ಟಳು.

ಸೂಜಿಯವರು ಬರುವ ಹಿಂದಿನ ದಿನ ಮುನಿಯಲ್ಲಪ್ಪ ಅರಳಿಕಟ್ಟೆಯ ಮುಂದೆ ತಮಟೆ ಬಡಿದು, ನಿಲ್ಲಿಸಿ, ಮೆತ್ತಗೆ ಹೇಳಿದ.

"ಕೇಳಿಸ್ತಿಲ್ಲ ಭಾವಾ!" ಎಂದು ಗಂಗುಲಪ್ಪ ಹಲ್ಲು ಕಿರಿದ.

ಮುನಿಯಲ್ಲಪ್ಪ ಕೈಬೀಸಿ ಎಲ್ಲರನ್ನೂ ಹತ್ತಿರ ಕರೆದ. ಅವನು ಮೆತ್ತಗೆ ಮಾತಾಡಿದ್ದನ್ನು ಊರು ಯಾವತ್ತೂ ಕಂಡಿರಲಿಲ್ಲ. ಇದರಲ್ಲೇನೋ ಗುಟ್ಟಿದೆ ಎಂದುಕೊಂಡಿತು. ಹಿಂದೆಲ್ಲ ಸರ್ಕಾರದ ಸುದ್ದಿಗೆ ಬಾಗಿಲು ಹಾಕಿಕೊಳ್ಳುತ್ತಿದ್ದವರು ಈಗ ಒಬ್ಬರ ಮೇಲೊಬ್ಬರು ಬಿದ್ದು ಕಿವಿಗೊಟ್ಟರು. ಸಂಜೆಯೊಳಗೆ ಗುಂಪಿನಲ್ಲಿದ್ದ ಶಾಮಲಮ್ಮ ಹತ್ತು ಮನೆಗೆ ಹೋಗಿ ಬಂದಳು: "ಯಾರಿಗೂ ಹೇಳ್ಬೇಡ ಕಣೇ, ನಾಳೆ ಚಾವಡಿ ಹತ್ರ ಸೂಜಿ ಹಾಕ್ತಾರಂತೆ. ಮೊದ್ಲು ಹೋದೋರಿಗೆ ಮಾತ್ರ ಅಂತೆ!"

ಕೊನೆಯ ಮಾತು ಅವಳದೇ ಸೇರ್ಪಡೆ. ಬೆಳಗ್ಗೆ ಚಾವಡಿಯ ಮುಂದೆ ನೂಕುನುಗ್ಗಲು. ತಡವಾಗಿ ಬಂದ ಪಟೇಲರಿಗೆ ಸಾಲಿನಲ್ಲಿ ಎಪ್ಪತ್ತೊಂದನೆಯ ಜಾಗ ಸಿಕ್ಕಿತು.

"ತಮಟೆ ನಿನ್ನ ಹತ್ರಾನೇ ಇರ್ಲಿ ಕಣೋ," ಎಂದರು ಪಟೇಲರು, "ಈಗ ನನ್ನನ್ನ ಸ್ವಲ್ಪ ಮುಂದಕ್ಕೆ ಬಿಡಿಸು."