ಅಕ್ಕ ತನ್ನ ಮಗಳ ಕಥೆ ಹೇಳಿದ್ದು

ನಮ್ಮಕ್ಕನನ್ನು ಕಲ್ಯಾಣದುರ್ಗದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ನಾನು ಅಪ್ಪ ಅಮ್ಮನ ಜೊತೆ ಹಿಂದೂಪುರದಲ್ಲೇ ಇದ್ದೇನೆ; ಊರಾಚೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುವ ಕೆಲಸ. ಮದುವೆಯಾದ ಹೊಸದರಲ್ಲಿ ಅಕ್ಕ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಎಮ್ಮೆ ಒದ್ದದ್ದು, ಭಾವ ತಾವು ಓಡಿಸುವ ಜೀಪಿಗೆ ಹೊಸ ಸೀಟು ಹಾಕಿಸಿದ್ದು, ಅತ್ತೆ ತಮ್ಮ ಹಳ್ಳಿಯ ತೆಲುಗಿನಲ್ಲಿ ಬೈದದ್ದು ಪೂರ್ತಿ ಅರ್ಥವಾಗದೆ ತಾನು ನಕ್ಕುಬಿಟ್ಟದ್ದು, ಒಂದೂ ಬಿಡದೆ ಹೇಳುತ್ತಿದ್ದಳು. ಬಸುರಿಯಾದ ಮೇಲಂತೂ ಮಗು ಯಾವ ಕಡೆಗೆ ಒದೆಯಿತು ಎಂಬುದೂ ನನಗೆ ತಿಳಿಯಬೇಕಿತ್ತು.

ಬಾಣಂತನಕ್ಕೆ ತವರಿಗೆ ಕರೆತರಬೇಕು ಎಂದು ನಾವು ಇಲ್ಲಿ ಸಿದ್ಧತೆ ಮಾಡಿಕೊಳ್ಳುತ್ತಿದ್ದಾಗಲೇ ಮಗು ಒದೆಯುವುದು ನಿಂತಿತು. ಆಸ್ಪತ್ರೆಗೆ ಕರೆದೊಯ್ದರು. ಹೆರಿಗೆಯಾಯಿತು, ಮಗು ಅಳಲಿಲ್ಲ. ಹೆಣ್ಣುಮಗು. ನೋಡಿದರೆ ಸಂಕಟ ಹೆಚ್ಚುತ್ತದೆ ಎಂದು ಹಿರಿಯರು ಅಕ್ಕನಿಗೆ ತೋರಿಸಲೇ ಇಲ್ಲ. ನಾನೂ ಅಮ್ಮನೂ ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಾಗಿತ್ತು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು.

ಅವಳನ್ನು ಹಿಂದೂಪುರಕ್ಕೆ ಕರೆತಂದೆವು. ಮಗು ಇಲ್ಲದಿದ್ದರೂ ಹಾಲು ಬಂತು. ಹಾಲು ಬತ್ತಲೆಂದು ಅಮ್ಮ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದು ಕಟ್ಟುತ್ತಿದ್ದಳು. ಮನೆಯೆಲ್ಲ ಮಲ್ಲಿಗೆಯ ವಾಸನೆ. ನೋಡಲು ಬಂದವರು ಹೇಳುತ್ತಿದ್ದುದು ಒಂದೇ ಮಾತು: "ಮರ್ತ್‌ಬುಡವ್ವಾ. ಇನ್ನೊಂದ್ ಆಯ್ತದೆ." ಅಕ್ಕ ತಲೆ ಆಡಿಸುತ್ತಿದ್ದಳು. ವಾಪಸ್ಸು ಹೋದ ಮೇಲೆ ಅವಳ ಫೋನು ಕಡಿಮೆಯಾಯಿತು. ನಾನೇ ಮಾಡಿದರೆ, "ಊಟ ಆಯ್ತಾ? ಸರಿ, ಇಡ್ತೀನಿ" ಎನ್ನುವಳು. ಹೀಗೆಯೇ ಒಂದು ವರ್ಷದ ಮೇಲಾಯಿತು.

ಆ ಹೊತ್ತಿನಲ್ಲಿ ನಮ್ಮ ಬೀದಿಯ ಮಹಿಳಾ ಸಂಘದವರು ಭಾನುವಾರದ ಒಂದು ಕ್ಲಾಸಿಗೆ ಕರೆದರು. ಹುಣಸೆಹಣ್ಣಿನ ಮಂಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಬೆಂಗಳೂರಿನಿಂದ ರೈಲಿನಲ್ಲಿ ಒಬ್ಬ ಮೇಡಂ ಬರುತ್ತಿದ್ದರು. ನಮ್ಮ ಬದುಕಿನ ಒಂದು ಸಂಗತಿಯನ್ನು ನಮ್ಮದೇ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅದಕ್ಕೆ ಫೋಟೊಗಳನ್ನು ಜೋಡಿಸಿ ಚಿಕ್ಕ ವಿಡಿಯೊ ಮಾಡುವುದನ್ನು ಅವರು ಕಲಿಸಿದರು. ಟೀವಿಯವರ ಥರ ಮಾತಾಡಬೇಡಿ, ಅಡುಗೆಮನೆಯಲ್ಲಿ ಕೂತು ತಂಗಿಗೆ ಹೇಳುವ ಹಾಗೆ ಹೇಳಿ ಎನ್ನುತ್ತಿದ್ದರು. ನಾನು ಸ್ಕೂಲು ಬಿಟ್ಟ ದಿನದ ಬಗ್ಗೆ ಮಾಡಿದೆ. ಯೂನಿಫಾರ್ಮ್ ಅನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟದ್ದು, ಮಾರನೇ ದಿನ ಅವಳು ಅದನ್ನು ತೊಟ್ಟು ನಮ್ಮ ಬಾಗಿಲ ಮುಂದೆ ಹಾದುಹೋದದ್ದು. ಕೋಣೆಯಲ್ಲಿ ಎಲ್ಲರ ಎದುರಿಗೆ ಹಾಕಿದಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಆ ಬೇರೆ ಯಾರೋ ಹುಡುಗಿಯ ಮೇಲೆ ನನಗೆ ಕನಿಕರ ಹುಟ್ಟಿ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡಳು.

ಆ ವಿಡಿಯೊವನ್ನು ಅಕ್ಕನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು.

"ಎಷ್ಟ್ ಚೆನ್ನಾಗಿ ಹೇಳಿದ್ದೀಯೇ," ಎಂದಳು. ಇನ್ನೇನು ಇಡ್ತೀನಿ ಎನ್ನುತ್ತಾಳೆ ಅಂದುಕೊಂಡೆ. "ನಂದೂ ಒಂದ್ ಮಾಡ್ಕೊಡ್ತೀಯಾ? ನನ್ ಮಗೀಂದು."

"ಬತ್ತೀನಿ ಕಣಕ್ಕಾ," ಎಂದೆ.

ಮುಂದಿನ ರಜೆಗೆ ಹೋದೆ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಿಂದ ಭಾವನ ಜೀಪಿನಲ್ಲೇ, ಸಂತೆ ಮುಗಿಸಿ ಹೊರಟವರ ನಡುವೆ ಒತ್ತಿಕೊಂಡು ಕೂತು ಹಳ್ಳಿ ಸೇರಿದೆ. ಯಾಕೆ ಬಂದೆ ಎಂದು ಭಾವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರೆಕಾರ್ಡ್ ಮಾಡಲು ಜಾಗ ಹುಡುಕಿದೆವು. ಪಡಸಾಲೆಯಲ್ಲಿ ಕೋಳಿಗಳ ಗಲಾಟೆ, ಬರಿ ಗೋಡೆಯ ಕೋಣೆಯಲ್ಲಿ ದನಿ ಗುಂಯ್ ಎನ್ನುತ್ತಿತ್ತು. ಕೊನೆಗೆ ಕಡ್ಲೆಕಾಯಿ ಮೂಟೆಗಳನ್ನು ಪೇರಿಸಿದ್ದ ಒಳಕೋಣೆ ಸರಿಹೋಯಿತು. ಮೂಟೆಗಳ ನಡುವೆ ಚಾಪೆ ಹಾಕಿಕೊಂಡು ಕೂತೆವು. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ಮೊದಲು ಅವಳು ತೊದಲಿದಳು, ನಿಲ್ಲಿಸಿದಳು, ನೀರು ಕುಡಿದಳು. ಆಮೇಲೆ ಹೇಳುತ್ತಾ ಹೋದಳು. ಮಗು ಹುಳಿ ತಿಂದರೆ ಕುಣಿಯುತ್ತಿದ್ದುದು, ಜೀಪಿನ ಹಾರ್ನ್ ಕೇಳಿದರೆ ಮಿಸುಕುತ್ತಿದ್ದುದು. ಆಸ್ಪತ್ರೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರೂ ತನಗೆ ಎಲ್ಲವೂ ನಿಶ್ಶಬ್ದವಾಗಿದ್ದುದು. "ನಾನೂ ತಾಯಿನೇ. ಯಾರೂ ನನ್ನ ಹಂಗ್ ಕರೀಲಿಲ್ಲ," ಎಂದು ಹೇಳಿ ನಿಲ್ಲಿಸಿದಳು. ನಾನು ಬಟನ್ ಒತ್ತಿ ಆಫ್ ಮಾಡಿದೆ.

ಇನ್ನು ಫೋಟೊ. ಮಗುವಿನ ಒಂದು ಫೋಟೊವೂ ಇರಲಿಲ್ಲ.

"ಅವಳನ್ನ ಮಲಗ್ಸಿರೋ ಜಾಗದ್ ಫೋಟೊ ತೆಗೀಬೋದಾ?" ಎಂದು ಅಳುಕಿನಿಂದಲೇ ಕೇಳಿದೆ.

ಅಕ್ಕ ನನ್ನ ಮುಖ ನೋಡಿದಳು. "ಎಲ್ಲವ್ಳೋ ನಂಗ್ ಗೊತ್ತಿಲ್ಲ ಕಣೇ. ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಬಾಗಿಲಲ್ಲಿ ನೆರಳು ಬಿತ್ತು. ಅಕ್ಕನ ಅತ್ತೆ ನಿಂತಿದ್ದರು, ಕೈಯಲ್ಲಿ ಮೊರ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ ಗೊತ್ತಿಲ್ಲ. ಬೈಯುತ್ತಾರೆ ಎಂದುಕೊಂಡು ನಾನು ಫೋನನ್ನು ಚೀಲಕ್ಕೆ ಹಾಕಿದೆ. ಅವರು ಮೊರವನ್ನು ಮೂಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಅಕ್ಕನಿಗೆ ಹೇಳಿದರು:

"ರಾ ಅಮ್ಮಾಯಿ. ಬಾ, ನಾನ್ ತೋರಿಸ್ತೀನಿ."

ಮೂವರೂ ಹೊಲದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದೆವು. ಹೊಲದ ಮೂಲೆಯಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ಚಪ್ಪಡಿ ಕಲ್ಲುಗಳು. ಸುತ್ತ ಹುಲ್ಲು ಬೆಳೆದಿರಲಿಲ್ಲ, ಯಾರೋ ಆಗಾಗ ಕಿತ್ತಿದ್ದಾರೆಂದು ತಿಳಿಯುವಂತಿತ್ತು. ಅಕ್ಕ ಅಲ್ಲೇ ಕುಸಿದು ಕೂತು ಕಲ್ಲಿನ ಮೇಲೆ ಅಂಗೈ ಇಟ್ಟಳು. ಅತ್ತೆ ಅವಳ ಪಕ್ಕದಲ್ಲಿ ಕೂತರು.

"ಆಸ್ಪತ್ರೆಯಿಂದ ಇಲ್ಲೀ ಗಂಟ ನನ್ ಮಡ್ಲಲ್ಲೇ ಇಟ್ಕಂಡು ಬಂದೆ," ಎಂದರು. "ಬಂಗಾರು ಬಿಡ್ಡ, ಬಂಗಾರದಂಥ ಮಗು ಕಣಮ್ಮ. ತಲೆ ತುಂಬಾ ಕೂದ್ಲು. ಅಚ್ಚಂ ನಿಂದೇ ಮೂಗು. ಎಡಗಿವಿ ತಾವ ಸಣ್ಣದೊಂದು ಮಚ್ಚೆ. ನನ್ ಹಳೇ ಪಟ್ಟೆ ಸೀರೇಲಿ ಸುತ್ತಿದ್ದೆ. ನೀನು ಅಳ್ತೀಯ ಅಂತ ಹೇಳ್ಲಿಲ್ಲ."

"ಕಣ್ಣು?" ಎಂದಳು ಅಕ್ಕ.

"ಮುಚ್ಕಂಡಿದ್ಳು. ನಿದ್ದೆ ಮಾಡ್ದಂಗೆ."

ಅಕ್ಕ ಮತ್ತೆ ಮತ್ತೆ ಕೇಳಿದಳು. ಬೆರಳು ಹೇಗಿದ್ದವು, ಬಣ್ಣ ಹೇಗಿತ್ತು, ಉದ್ದ ಎಷ್ಟಿದ್ದಳು. ಅತ್ತೆ ಎಲ್ಲಕ್ಕೂ ಉತ್ತರ ಹೇಳಿದರು. ಉದ್ದವನ್ನು ತಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ತೋರಿಸಿದರು. ಅಕ್ಕ ಅಳುತ್ತಿದ್ದಳು, ಆದರೆ ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿದ್ದವಳ ಅಳು ಅದಾಗಿರಲಿಲ್ಲ. ಅತ್ತೆಯ ಹೆಗಲಿಗೆ ಒರಗಿಕೊಂಡು ಜೋರಾಗಿ ಅಳುತ್ತಿದ್ದಳು. ನಾನು ಫೋನನ್ನು ಚೀಲದೊಳಗೇ ಇಟ್ಟು ದೂರ ಹೋಗಿ ನಿಂತೆ.

ಮಾರನೇ ದಿನ ಬೆಳಿಗ್ಗೆ ಅತ್ತೆಯೇ ಮೂಟೆಗಳ ಕೋಣೆಗೆ ಬಂದು ಕೂತರು. "ನೆನ್ನೆ ಹೇಳಿದ್ನಲ್ಲ, ಅದನ್ನೂ ಫೋನಿಗೆ ಎಕ್ಕಿಸ್ಕೋ," ಎಂದರು. ಹಾಗಾಗಿ ಆ ವಿಡಿಯೊದಲ್ಲಿ ಎರಡು ದನಿಗಳಿವೆ. ಹೊಂಗೆ ಮರದ ಫೋಟೊ ಇದೆ, ಕಲ್ಲಿನ ಮೇಲೆ ಅಕ್ಕನ ಕೈ ಇದೆ, ಅತ್ತೆಯ ಖಾಲಿ ಮಡಿಲಿದೆ. ಸಂಗೀತ ಹಾಕೋಣವಾ ಎಂದರೆ ಬೇಡವೆಂದಳು ಅಕ್ಕ. ಭಾವನಿಗೆ ಅವಳೇ ತೋರಿಸಿದಳು. ಅವರು ಜೀಪಿನಲ್ಲಿ ಒಬ್ಬರೇ ಕೂತು ಇಯರ್‌ಫೋನ್ ಹಾಕಿಕೊಂಡು ನೋಡಿದರು. ಇಳಿದು ಬಂದು, ಹುಲ್ಲು ಕೀಳುತ್ತಿದ್ದುದು ತಾವೇ ಎಂದರು. ಅಕ್ಕ ಅವರಿಗೆ ಕಾಫಿ ಲೋಟ ಕೊಟ್ಟು, "ಇನ್ಮ್ಯಾಕೆ ನಾನೂ ಬತ್ತೀನಿ," ಎಂದಳು.

ಕ್ಲಾಸಿನ ಕೊನೆಯ ಭಾನುವಾರ ಅಕ್ಕನೂ ಹಿಂದೂಪುರಕ್ಕೆ ಬಂದಳು. ಇದನ್ನು ಯಾರು ಯಾರು ನೋಡಬಹುದು ಎಂದು ಮೇಡಂ ಅವಳನ್ನು ಕೇಳಿದರು. ಯೂಟ್ಯೂಬಿಗೆ ಹಾಕಬೇಡಿ, ಈ ಕೋಣೆಯಲ್ಲಿರುವ ಹೆಂಗಸರು ನೋಡಲಿ ಎಂದಳು. ವಿಡಿಯೊ ಮುಗಿದ ಮೇಲೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ, "ನಂಗೂ ಒಂದಿತ್ತು. ಗಂಡು. ಇವತ್ತಿನ್ ಗಂಟ ನನ್ ಮಕ್ಳಿಗೂ ಹೇಳಿಲ್ಲ," ಎಂದರು. ಅಕ್ಕ ಎದ್ದು ಹೋಗಿ ಅವರ ಪಕ್ಕ ಕೂತಳು. "ಹೆಂಗಿದ್ದ ಅಜ್ಜೀ?" ಎಂದು ಕೇಳಿದಳು.

ಈಗ ಅಕ್ಕ ಮತ್ತೆ ಸಂಜೆ ಫೋನ್ ಮಾಡುತ್ತಾಳೆ. ಪೂರ್ತಿ ಮೊದಲಿನಂತಾಗಿದ್ದಾಳೆ ಎನ್ನಲಾರೆ. ಬೇರೆಯವರ ಮನೆಯ ನಾಮಕರಣಕ್ಕೆ ಈಗಲೂ ಹೋಗುವುದಿಲ್ಲ. ಆದರೆ ಮಗಳ ಮಾತು ಬಂದರೆ ತಡವರಿಸದೆ ಆಡುತ್ತಾಳೆ. ಮೊನ್ನೆ ಅವಳ ಪಕ್ಕದೂರಿನ ಹುಡುಗಿಯೊಬ್ಬಳಿಗೆ ಹೀಗೇ ಆಯಿತಂತೆ. ಅಲ್ಲಿನ ಆಶಾ ಕಾರ್ಯಕರ್ತೆ ಬಂದು, ನೀವೊಮ್ಮೆ ಮಾತಾಡಿಸಿ ಬನ್ನಿ ಎಂದು ಕರೆದಿದ್ದಾರೆ. ಅಕ್ಕನೂ ಅತ್ತೆಯೂ ಜೀಪಿನಲ್ಲಿ ಹೋಗಿಬಂದರು.

"ವಿಡಿಯೊ ತೋರಿಸ್ದ್ಯಾ?" ಎಂದು ಕೇಳಿದೆ.

"ಇಲ್ಲ ಕಣೇ. ಆ ಹುಡ್ಗಿ ಎರಡ್ ದಿನದಿಂದ ಏನೂ ತಿಂದಿರ್ಲಿಲ್ಲ. ಅತ್ತೆ ಮುದ್ದೆ ಮಾಡುದ್ರು, ನಾನು ಕೂತು ತಿನ್ನಿಸ್ದೆ. ಬರೋವಾಗ ಕೈ ಬುಡ್ಲಿಲ್ಲ. ಮಂಗಳ್‌ವಾರ ಮತ್ತೆ ಹೋಯ್ತೀನಿ."