ಹನ್ನೊಂದರ ವಿಮಾನ

ವಾಡಿಯ ಗಾರ್ಡ್ ಭೀಮಶ್ಯಾ ಅವರಿಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದು ಬಹಳ ಜನ ಬಹಳ ವರ್ಷ ನಂಬಿದ್ದರು. ಇದನ್ನು ಬರೆದವನೂ ಅವರಲ್ಲಿ ಒಬ್ಬ. ಆ ನಂಬಿಕೆಗೆ ಕಾರಣ ಒಂದು ನಾಗರಹಾವು. ಸೇಡಂನಿಂದ ಸಿಮೆಂಟಿನ ಗೂಡ್ಸ್ ಗಾಡಿ ಹೊರಟು ಸ್ವಲ್ಪ ದೂರ ಬಂದಿತ್ತು. ಕೊನೆಯ ಬ್ರೇಕ್ ವ್ಯಾನಿನಲ್ಲಿ ಒಬ್ಬರೇ ಕುಳಿತಿದ್ದ ಭೀಮಶ್ಯಾ ಅವರ ಪೆಟ್ಟಿಗೆಯ ಹಿಂದಿನಿಂದ ಅದು ಹೆಡೆ ಎತ್ತಿತು. ಚಿತ್ತಾಪುರ ಬರುವ ತನಕ ಇವರು ಸ್ಟೂಲಿನ ಮೇಲೆ ಕಾಲು ಮಡಚಿ ಕುಳಿತೇ ಇದ್ದರು, ಅದು ನೋಡುತ್ತಲೇ ಇತ್ತು. ಏರಿನಲ್ಲಿ ಗಾಡಿ ಎತ್ತಿನಬಂಡಿಯ ವೇಗಕ್ಕೆ ಇಳಿದಾಗಲೂ ಜಿಗಿಯಲಿಲ್ಲ. ರೈಲ್ವೆ ಕಾಲೊನಿಯಲ್ಲಿ ಈ ಕಥೆ ವರ್ಷಕ್ಕೆ ಒಂದು ಅಡಿ ಬೆಳೆಯಿತು, ಹಾವೂ ಹಾಗೆಯೇ.

ನಿಜ ಏನೆಂದು ಹೆಂಡತಿ ಭೀಮಬಾಯಿ ಒಮ್ಮೆ ರೊಟ್ಟಿ ಬಡಿಯುತ್ತಾ ಹೇಳಿಬಿಟ್ಟರು. “ಧೈರ್ಯ ಎಲ್ಲೀದು? ಚಾಲೂ ಗಾಡಿ ಬಿಟ್ಟು ಗಾರ್ಡ್ ಇಳೀಬಾರ್ದಂತ ರೂಲಿನ ಪುಸ್ತಕದಾಗ ಬರ್ದಾರಂತ. ಹಾವಿಗಿಂತ ಪುಸ್ತಕಕ್ಕ ಭಾಳ ಅಂಜಿದ್ರು.”

ಅದು ಸತ್ಯ. ಭೀಮಶ್ಯಾ ಅವರನ್ನು ಜೀವನದಲ್ಲಿ ಹೆದರಿಸಿದ್ದು ಒಂದೇ ವಸ್ತು, ಮೇಲಿನವರು ಕಾರಣ ಕೇಳಿ ಕಳಿಸುವ ಕಾಗದ. ಇಡೀ ಸರ್ವಿಸಿನಲ್ಲಿ ಅಂಥ ಒಂದು ಕಾಗದವೂ ಅವರ ಹೆಸರಿಗೆ ಬಂದಿರಲಿಲ್ಲ. ಹಾಗೆಂದು ನಿವೃತ್ತಿಯ ದಿನ ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಬಾಬಾಸಾಹೇಬರ ಫೋಟೋದ ಕೆಳಗೆ, ಬಂದವರಿಗೆ ಕುರ್ಚಿಯಿಂದ ನೇರ ಕಾಣುವಂತೆ ತೂಗುಹಾಕಿದ್ದರು. ಅವರು ನಿವೃತ್ತರಾದ ಮೇಲೆ ರೈಲ್ವೆಯವರು ಗಾರ್ಡ್ ಎಂಬ ಹೆಸರನ್ನೇ ತೆಗೆದು ಟ್ರೈನ್ ಮ್ಯಾನೇಜರ್ ಎಂದು ಮಾಡಿದರು. ತಮ್ಮಂಥ ಗಾರ್ಡ್ ಇನ್ನೊಬ್ಬ ಸಿಗದ್ದರಿಂದ ಹೆಸರನ್ನೇ ಮುಚ್ಚಿದ್ದಾರೆಂದು ಭೀಮಶ್ಯಾ ಅರ್ಥಮಾಡಿಕೊಂಡರು.

ಕಳೆದ ಚಳಿಗಾಲ ಅವರ ಮನೆಗೆ ಶ್ರೀಲಂಕಾದಿಂದ ಒಬ್ಬ ಭಿಕ್ಷುಣಿ ಬಂದರು. ಹೆಸರು ಸುಮಿತ್ತಾ, ಕಾಲೊನಿಯ ಬಾಯಲ್ಲಿ ಆರ್ಯಾಜಿ. ಶಹಾಬಾದಿನಲ್ಲಿ ಶಿಕ್ಷಕಿಯಾಗಿರುವ ಮಗಳು ಮೈತ್ರಿಗೆ ಅವರು ಸಾರನಾಥದ ಯಾತ್ರೆಯಲ್ಲಿ ಪರಿಚಯವಾಗಿದ್ದರು. ಸನ್ನತಿಯ ಹಳೆಯ ಸ್ತೂಪದ ಕಲ್ಲುಗಳನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ವಯಸ್ಸಾದ ಜೀವ, ಕೈಯಲ್ಲಿ ಒಂದು ಕೊಡೆ, ಮುಖದಲ್ಲಿ ಯಾವಾಗಲೂ ನಗು. ಕನ್ನಡ ಬಾರದು, ಮೈತ್ರಿಯ ಜೊತೆ ಮಾತ್ರ ಇಂಗ್ಲಿಷಿನಲ್ಲಿ ಮಾತು. ಭೀಮಬಾಯಿ ಕಲಿಸಿದ “ಊಟ ಆತೇನ್ರಿ?” ಎಂಬ ಒಂದೇ ಮಾತನ್ನು ಮುಂಜಾನೆ, ಸಂಜೆ, ಹಾಲಿನವನಿಗೆ, ಆಡಿಗೆ, ಎಲ್ಲರಿಗೂ ಸಮನಾಗಿ ಕೇಳುತ್ತಿದ್ದರು. ಮಧ್ಯಾಹ್ನ ಹನ್ನೆರಡರ ನಂತರ ಅವರು ಉಣ್ಣುತ್ತಿರಲಿಲ್ಲ. ಭೀಮಶ್ಯಾ ಅವರಿಗೆ ಇದು ಬಹಳ ಮೆಚ್ಚುಗೆಯಾಯಿತು. ದಿನಾ ಗಡಿಯಾರ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಿಗ್ನಲ್ ಬೀಳಲಿಕ್ಕೆ ಬಂದದೆಂದು ಹೆಂಡತಿಯನ್ನು ಅವಸರಪಡಿಸುತ್ತಿದ್ದರು.

ಪರದೇಶದವರು ಮನೆಯಲ್ಲಿ ಇಳಿದರೆ ಒಂದು ದಿನದೊಳಗೆ ಸರ್ಕಾರಕ್ಕೆ ಕಂಪ್ಯೂಟರಿನಲ್ಲಿ ತಿಳಿಸಬೇಕು. ಶಾಲೆಯಿಂದ ಬಂದು ತಾನೇ ತುಂಬುತ್ತೇನೆಂದು ಮೈತ್ರಿ ಹೇಳಿದ್ದಳು. ತಾರೀಖು, ಟೈಮು ಬರೆಯುವ ಕೆಲಸವನ್ನು ನಿನ್ನೆ ಮೊನ್ನೆಯ ಮಕ್ಕಳಿಗೆ ಬಿಡುವುದೇ? ಭೀಮಶ್ಯಾ ಪಾಸ್‌ಪೋರ್ಟಿನ ಜೆರಾಕ್ಸ್ ಹಿಡಿದು ಸ್ಟೇಷನ್ ರಸ್ತೆಯ ಅಮೀರ್ ಅಲಿಯ ಅಂಗಡಿಗೆ ಹೋದರು. ಭಾರತಕ್ಕೆ ಬಂದ ದಿನ ಯಾವುದೆಂದು ಅಮೀರ್ ಅಲಿ ಕೇಳಿದ. ಆರ್ಯಾಜಿ ಮೈತ್ರಿಯ ಮೂಲಕ ಹನ್ನೆರಡು ಎಂದು ಹೇಳಿದ್ದರೂ ಇವರು ಹನ್ನೊಂದು ಎಂದರು.

“ಪಾಸ್‌ಪೋರ್ಟಿನ ಮ್ಯಾಗಿನ ಠಸೆದಾಗ ಹನ್ನೆರಡು ಇದ್ದಂಗ ಕಾಣಾಕತ್ತದಲ್ರಿ, ಚಾಚಾ.”

“ಮಸಕ್ ಅದ ಅದು. ಕೊಲಂಬೋ ಬಿಟ್ಟಿದ್ದು ಹನ್ನೊಂದಕ್ಕ. ಹನ್ನೊಂದರ ವಿಮಾನ. ನೀ ಬರಿ.”

ಇಲ್ಲಿ ಒಂದು ಮಾತು ಹೇಳಬೇಕು. ರೈಲ್ವೆಯಲ್ಲಿ ಗಾಡಿ ಯಾವ ದಿನ ಹೊರಟಿತೋ ಕೊನೆಯ ತನಕ ಆ ದಿನದ್ದೇ. ಹನ್ನೊಂದರ ರಾತ್ರಿ ಮುಂಬೈ ಬಿಟ್ಟದ್ದು ಮರುದಿನ ಬೆಳಕು ಹರಿದ ಮೇಲೆ ವಾಡಿಗೆ ಬಂದರೂ, ‘ಹನ್ನೊಂದರ ಗಾಡಿ ಬಂತು’ ಎಂದೇ ಕಾಲೊನಿಯ ಕೂಸುಗಳೂ ಹೇಳುತ್ತವೆ. ಆರ್ಯಾಜಿಯ ವಿಮಾನ ಕೊಲಂಬೋದಿಂದ ಹನ್ನೊಂದರ ರಾತ್ರಿ ಎದ್ದು, ಹನ್ನೆರಡನೇ ತಾರೀಖು ಹುಟ್ಟಿದ ಮೇಲೆ ಹೈದರಾಬಾದಿನಲ್ಲಿ ಇಳಿದಿತ್ತು. ಆಕಾಶಕ್ಕೂ ರೈಲ್ವೆ ನಿಯಮವೇ ಅನ್ವಯಿಸುತ್ತದೆ ಎಂಬುದರಲ್ಲಿ ಭೀಮಶ್ಯಾ ಅವರಿಗೆ ಸಂಶಯ ಇರಲಿಲ್ಲ.

ತಿಂಗಳು ಸುಖವಾಗಿ ಕಳೆಯಿತು. ಆರ್ಯಾಜಿ ಹೊರಡುವ ಹಿಂದಿನ ದಿನ ಮುಂಜಾನೆ ಪೊಲೀಸ್ ಠಾಣೆಯಿಂದ ಫೋನ್ ಬಂತು. ನಿಮ್ಮ ಮನೆಯಲ್ಲಿರುವ ವಿದೇಶಿಯವರ ತಾರೀಖು ತಾಳೆಯಾಗುತ್ತಿಲ್ಲ. ಪಾಸ್‌ಪೋರ್ಟಿನೊಂದಿಗೆ ಅವರನ್ನು ಕರೆದುಕೊಂಡು ಬನ್ನಿ ಎಂದರು. ಮೈತ್ರಿ ಕಾಗದಗಳನ್ನು ಮಂಚದ ಮೇಲೆ ಹರಡಿಕೊಂಡು ನೋಡಿದಳು. ವೀಸಾ ಮೂವತ್ತು ದಿನದ್ದು. ಹನ್ನೆರಡರಿಂದ ಎಣಿಸಿದರೆ ನಾಳೆ ಕೊನೆಯ ದಿನ. ಹನ್ನೊಂದರಿಂದ ಎಣಿಸಿದರೆ ಇವತ್ತೇ.

“ಅಪ್ಪ, ನೀ ಬರ್ಸಿದ್ದೇ ಖರೆ ಅಂತ ಹಿಡದ್ರ, ಆರ್ಯಾಜಿ ನಾಳೆ ಏರ್‌ಪೋರ್ಟಿಗಿ ಹೋಗೂದ್ರಾಗ ಕಾನೂನು ಮುರ್ದಂಗ ಆತು. ಬಿಡ್ಲಿಕ್ಕಿಲ್ಲ ಅವರ್ನ.”

ಭೀಮಶ್ಯಾ ಗೋಡೆಗೆ ಒರಗಿದರು, ಒರಗಿದ ರಭಸಕ್ಕೆ ಪ್ರಮಾಣಪತ್ರದ ಕಟ್ಟು ಸೊಟ್ಟಗಾಯಿತು, ಅದನ್ನೂ ಸರಿಮಾಡಲಿಲ್ಲ. ಕಣ್ಣ ಮುಂದೆ ಆರ್ಯಾಜಿ ಕೊಡೆ ಹಿಡಿದು ಕಂಬಿಗಳ ಹಿಂದೆ ಕುಳಿತು, ಕಾವಲಿನವನಿಗೆ ಊಟ ಆಯಿತೇ ಎಂದು ಕೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ತಾವು. ಹಜಾರದಲ್ಲಿ ಆರ್ಯಾಜಿ ತಮ್ಮ ಚೀಲಕ್ಕೆ ಸನ್ನತಿಯಲ್ಲಿ ಆರಿಸಿದ ಅರಳಿ ಎಲೆಗಳನ್ನು ಜೋಡಿಸುತ್ತಿದ್ದರು. ತಲೆ ಎತ್ತಿ ಇವರನ್ನು ನೋಡಿ ನಕ್ಕರು. ಆ ನಗು ನೋಡಿ ಹೆದರಿಕೆ ಇಮ್ಮಡಿಯಾಯಿತು.

ಸುದ್ದಿ ತಿಳಿದು ರಾಜರತ್ನ ಬಂದ. ಕಾಲೊನಿಯ ಸಂಘಕ್ಕೆ ಅಧ್ಯಕ್ಷನೂ ಕಾರ್ಯದರ್ಶಿಯೂ ಆಗಿರುವ ಇವನ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಒಂದರಲ್ಲಿ ಶಾಯಿ ಇರುತ್ತದೆ. ಎಲ್ಲ ಆಫೀಸಿನ ಎಲ್ಲ ಸಾಹೇಬರೂ ತನಗೆ ಗೊತ್ತು ಎಂದು ಅವನ ಲೆಕ್ಕ. ಠಾಣೆಗೆ ಹೋಗುವ ಆಟೋದಲ್ಲಿ ಭೀಮಶ್ಯಾ ಅವರ ಕಿವಿಗೆ ಬಾಯಿಟ್ಟು ಉಪಾಯ ಹೇಳಿಕೊಟ್ಟ. ತಾರೀಖು ಹೇಳಿದ್ದು ಆರ್ಯಾಜಿ ಎಂದುಬಿಡಬೇಕು. ಮುದುಕಿ, ಭಾಷೆ ಬಾರದವರು, ನಾಳೆ ಊರಿಗೆ ಹೋಗುವವರು, ಅವರಿಗೇನು ಆಗುತ್ತದೆ? ಗಾರ್ಡ್ ಸಾಹೇಬರ ಹೆಸರು ಸ್ವಚ್ಛ ಉಳಿಯುತ್ತದೆ. ಭೀಮಶ್ಯಾ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಎದುರಿನ ಸೀಟಿನಲ್ಲಿ ಮೈತ್ರಿಯ ಪಕ್ಕ ಆರ್ಯಾಜಿಯ ಕೊಡೆಯ ತುದಿ ಆಟೋದ ಜೊತೆ ಕುಣಿಯುತ್ತಿತ್ತು.

ಠಾಣೆಯ ಸಾಹೇಬರು ಹೊಸಬರು, ಚಿಂಚೋಳಿ ಕಡೆಯವರು. ಕೂಗಾಡುವವರಲ್ಲ. ಮೆಲ್ಲಗೆ ಮಾತಾಡುವವರೆಂದರೆ ಭೀಮಶ್ಯಾ ಅವರಿಗೆ ಇನ್ನೂ ಭಯ. ಕಾರಣ ಕೇಳುವ ಕಾಗದಗಳೆಲ್ಲ ಮೆಲುದನಿಯಲ್ಲೇ ಇರುತ್ತವೆ. ಸಾಹೇಬರು ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಠಸೆಯ ಎರಡನೆಯ ಅಂಕಿ ಶಾಯಿ ಹರಡಿ ಒಂದೂ ಆಗಬಹುದು, ಎರಡೂ ಆಗಬಹುದು. ವಿಮಾನದ ಟಿಕೆಟಿನ ಮೇಲೆ ಹನ್ನೊಂದು. ಮನೆಯವರು ಕೊಟ್ಟ ಮಾಹಿತಿಯಲ್ಲಿಯೂ ಹನ್ನೊಂದು. ವಿಮಾನ ನಿಲ್ದಾಣದ ಕಂಪ್ಯೂಟರಿನಲ್ಲಿ ಮಾತ್ರ ಹನ್ನೆರಡು. ಎರಡು ಕಡೆ ಒಂದಾಗಿ ಒಂದು ಕಡೆ ಬೇರೆಯಾದರೆ ಮೇಲಿನವರು ಕೇಳಿಯೇ ಕೇಳುತ್ತಾರೆ ಎಂದರು.

“ನಿಮಗ ಹನ್ನೊಂದು ಅಂತ ಹೇಳಿದೋರು ಯಾರು?”

ಫ್ಯಾನು ಕಿರ್ ಎನ್ನುತ್ತಿತ್ತು. ಭೀಮಶ್ಯಾ ಅವರ ಬೆನ್ನಿನ ಮೇಲೆ ಬೆವರು ಇರುವೆಯ ಹಾಗೆ ಇಳಿಯಿತು.

ಅವರು ಬಾಯಿ ತೆರೆಯುವುದರೊಳಗೆ ರಾಜರತ್ನ ಮುಂದೆ ಬಗ್ಗಿದ. “ಅಮ್ಮಾವ್ರೇ ಹೇಳಿದ್ದು ಸಾಹೇಬ್ರ. ಪಾಪ, ವಯಸ್ಸಾಗ್ಯಾದ.”

ಸಾಹೇಬರು ಪೆನ್ನು ತೆಗೆದರು. “ಹಂಗಂದ್ರ ತಾವು ಹನ್ನೊಂದಕ್ಕ ಬಂದೀನಂತ ಅವರೇ ಒಪ್ಪಿದಂಗಾತು. ಅದ್ನೇ ಬರ್ಕೊಳ್ಳಲೇನು?”

ಆಗ ಭೀಮಶ್ಯಾ ಅವರಿಗೆ ತಿಳಿಯಿತು. ಆ ಸಾಲು ಕಾಗದಕ್ಕೆ ಇಳಿದರೆ, ನಾಳೆ ಆರ್ಯಾಜಿಯನ್ನು ತಡೆಯಲು ಬೇರೆ ಸಾಕ್ಷಿಯೇ ಬೇಕಿಲ್ಲ. ಬೆಂಚಿನ ಮೇಲೆ ಮೈತ್ರಿಯ ಪಕ್ಕ ಕುಳಿತಿದ್ದ ಆರ್ಯಾಜಿ ಕಾನ್‌ಸ್ಟೇಬಲ್ ಒಬ್ಬರಿಗೆ ಊಟ ಆಯಿತೇ ಎಂದು ವಿಚಾರಿಸುತ್ತಿದ್ದರು.

“ಸುಳ್ಳದು, ಸಾಹೇಬ್ರ,” ಎಂದರು ಭೀಮಶ್ಯಾ. ದನಿ ಎಷ್ಟು ನಡುಗಿತೆಂದರೆ ಅವರಿಗೇ ಬೇರೆ ಯಾರೋ ಮಾತಾಡಿದಂತೆ ಕೇಳಿತು. “ಅವರು ಹನ್ನೆರಡು ಅಂತ ಮೊದಲೇ ಹೇಳಿದ್ರು. ಹನ್ನೊಂದು ಬರ್ಸಿದಾಂವ ನಾ.”

“ಯಾಕ?”

ಭೀಮಶ್ಯಾ ಎಲ್ಲ ಹೇಳಿದರು. ಗಾಡಿ ಹೊರಟ ದಿನದ ಲೆಕ್ಕ, ಹನ್ನೊಂದರ ಗಾಡಿ, ಹನ್ನೊಂದರ ವಿಮಾನ. ಅರ್ಧ ದಾರಿಯಲ್ಲಿ ತಮ್ಮ ಸರ್ವಿಸಿನ ವಿಷಯವೂ ಬಂತು, ಪ್ರಮಾಣಪತ್ರದ ವಿಷಯವೂ ಬಂತು. ಹೆದರಿದ ಮನುಷ್ಯ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಮಾತಾಡುತ್ತಾನೆ. ಸಾಹೇಬರು ಪೂರ್ತಿ ಕೇಳಿದರು.

“ವಿಮಾನಕ್ಕ ಗಾರ್ಡ್ ಇರಂಗಿಲ್ರಿ, ಯಜಮಾನ್ರ,” ಎಂದರು ಕೊನೆಗೆ. ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದರು. “ಈಗ ಹೇಳಿದ್ದೆಲ್ಲಾ ಬರ್ದು ಸಹಿ ಮಾಡ್ರಿ.”

ಅಷ್ಟು ವರ್ಷ ತಪ್ಪಿಸಿಕೊಂಡು ಬಂದ ಕಾಗದ ಕೊನೆಗೂ ಎದುರಿಗೆ ಬಂದಿತ್ತು. ರಾಜರತ್ನ ಪೆನ್ನು ಕೊಟ್ಟ. ಅದು ಶಾಯಿ ಇಲ್ಲದ್ದು. ಸಾಹೇಬರು ತಮ್ಮದನ್ನು ಕೊಟ್ಟರು. ಭೀಮಶ್ಯಾ ಬರೆದರು. ವಿಮಾನ, ರೈಲು, ತಾರೀಖು ಎಲ್ಲ ಸಲೀಸಾಗಿ ಇಳಿದವು. ‘ಇದು ನನ್ನ ತಪ್ಪು, ಅವರದಲ್ಲ’ ಎಂಬಲ್ಲಿ ಕೈ ಬಹಳ ಹೊತ್ತು ನಿಂತಿತು. ಸಹಿ ಮಾಡುವಾಗ ಎಡಗೈಯಿಂದ ಬಲಗೈ ಹಿಡಿದುಕೊಳ್ಳಬೇಕಾಯಿತು.

ಕಾಗದವನ್ನು ಮೇಲಿನವರಿಗೆ ಕಳಿಸಿ ತಿದ್ದಿಸುತ್ತೇವೆ, ಆದರೆ ನಾಳೆಯೊಳಗೆ ಆಗುತ್ತದೆಂದು ಹೇಳಲಾರೆ, ಒಂದು ಪ್ರತಿ ಅಮ್ಮನವರ ಕೈಯಲ್ಲಿರಲಿ ಎಂದರು ಸಾಹೇಬರು. ಹೀಗಾಗಿ ಹೆದರಿಕೆ ಠಾಣೆಯಲ್ಲಿ ಇಳಿಯದೆ ಮರುದಿನ ಅವರ ಜೊತೆ ಹೈದರಾಬಾದಿನ ಗಾಡಿಯನ್ನೂ ಹತ್ತಿತು. ಚಿತ್ತಾಪುರ, ಸೇಡಂ ದಾಟಿದವು. ಹಾವಿನ ಕಥೆ ನಡೆದ ಜಾಗ ಬಂದದ್ದೂ ಹೋದದ್ದೂ ಭೀಮಶ್ಯಾ ಅವರಿಗೆ ತಿಳಿಯಲಿಲ್ಲ.

ವಿಮಾನ ನಿಲ್ದಾಣದ ಗಾಜಿನ ಬಾಗಿಲಿನೊಳಗೆ ಕೊಡೆಯೂ ಕಾವಿ ಬಟ್ಟೆಯೂ ಮರೆಯಾದವು. ದಾಟಿದ ಮೇಲೆ ಫೋನ್ ಮಾಡಬೇಕೆಂದು ಮೈತ್ರಿ ಮೂರು ಸಲ ಹೇಳಿದ್ದಳು. ಅಪ್ಪ ಮಗಳು ಹೊರಗೆ ನಿಂತರು. ಫೋನ್ ಬರಲಿಲ್ಲ. ಜೊತೆಗೆ ಒಳಗೆ ಹೋದವರೆಲ್ಲ ಆಗಲೇ ವಿಮಾನ ಹತ್ತಿರಬೇಕು ಎನ್ನಿಸುವಷ್ಟು ಹೊತ್ತಾಯಿತು. ಭೀಮಶ್ಯಾ ಬಾಗಿಲಿನ ಕಾವಲುಗಾರರ ಬಳಿ ಹೋಗಿ, ತಪ್ಪು ಮಾಡಿದವನು ತಾನು, ಬೇಕಾದರೆ ತನ್ನನ್ನು ಒಳಗೆ ಕರೆದುಕೊಳ್ಳಿ ಎಂದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಅವರು ಹಿಂದಿಯಲ್ಲಿ ಹೇಳಿದರು.

ಮೈತ್ರಿಯ ಫೋನ್ ಬಡಿಯಿತು. ಅವಳು ಕೇಳಿ, ಅಪ್ಪನ ಕಿವಿಗೆ ಹಿಡಿದಳು.

“ಭೀಮಶ್ಯಾಜಿ, ಊಟ ಆತೇನ್ರಿ?”

ಭೀಮಶ್ಯಾ ಅಲ್ಲಿಯೇ ಸಾಮಾನಿನ ತಳ್ಳುಗಾಡಿಯೊಂದರ ಮೇಲೆ ಕುಳಿತುಬಿಟ್ಟರು. ಫೋನನ್ನು ಮಗಳಿಗೆ ಕೊಟ್ಟರು, ಉಳಿದದ್ದನ್ನು ಅವಳೇ ಕೇಳಿ ಹೇಳಿದಳು. ಒಳಗೆ ಅಧಿಕಾರಿ ಆ ಕನ್ನಡದ ಕಾಗದವನ್ನು ಓದಿಸಿಕೊಳ್ಳಲು ಕನ್ನಡ ಬಲ್ಲವರನ್ನು ಹುಡುಕಿದ್ದರಂತೆ. ಅದಕ್ಕೇ ಅಷ್ಟು ಹೊತ್ತು. ಓದಿದ ಮೇಲೆ ಹೋಗಬಹುದು ಎಂದರಂತೆ.

ವಾಡಿಗೆ ಬಂದ ಮೇಲೆ ಭೀಮಶ್ಯಾ ಮಾಡಿದ ಮೊದಲ ಕೆಲಸವೆಂದರೆ ಗೋಡೆಯ ಮೇಲಿನ ಕಟ್ಟನ್ನು ಇಳಿಸಿದ್ದು. ಅದು ಈಗ ಖರೆ ಅಲ್ಲ ಎಂದರು. ಅದು ರೈಲ್ವೆಯದು, ಪೊಲೀಸರದಲ್ಲ ಎಂದು ಭೀಮಬಾಯಿ ಬೈದು ಮತ್ತೆ ತೂಗುಹಾಕಿದರು. ಈ ಸಲ ಸ್ವಲ್ಪ ಮೂಲೆಗೆ.

ಮರುದಿನ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ರಾಜರತ್ನ, ನಾಲ್ಕು ಜನಕ್ಕೆ ಕೇಳುವಂತೆ, ಸಂದರ್ಶನ ಮಾಡುವವನ ಗತ್ತಿನಲ್ಲಿ ಬಗ್ಗಿ ಕುಳಿತ.

“ಗಾರ್ಡ್ ಸಾಹೇಬ್ರ, ಖರೆ ಹೇಳ್ರಿ. ಅಂಥಾ ನಾಗರಹಾವಿನ ಮುಂದ ಅಲುಗಾಡದೆ ಕುಂತೋರು, ಒಂದು ಹಾಳಿ ಮುಂದ ಹಂಗ್ಯಾಕ ನಡುಗಿದ್ರಿ?”

ಭೀಮಶ್ಯಾ ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಮುಗಿಸಿ ಬಸಿ ಕೆಳಗಿಟ್ಟರು.

“ಹಾವು ಸಹಿ ಕೇಳಿದ್ದಿಲ್ಲ.”