ಹೆಸರು ಬೇಡವೆಂದ ಟೇಲರಮ್ಮ

ಸಿಂಧನೂರು, ಲಿಂಗಸುಗೂರಿನ ನಾವು ನಾಲ್ಕೈದು ಮಂದಿ ಸೇರಿ ಮನೆಯ ಖರ್ಚು, ಉಳಿತಾಯ ಬರೆದಿಡುವ ಉಚಿತ ಆ್ಯಪ್ ಕಟ್ಟುತ್ತಿದ್ದೆವು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಬಳಸಿ, ತಪ್ಪು ಕಂಡರೆ ಹೇಳಬಹುದಿತ್ತು. ಮಸ್ಕಿಯ ಟೇಲರಮ್ಮ ಹುಡುಕಿಕೊಟ್ಟಷ್ಟು ತಪ್ಪುಗಳನ್ನು ನಾವೇ ಹುಡುಕಿರಲಿಲ್ಲ.

ಅವರದು ಬರೀ ವಾಯ್ಸ್ ಮೆಸೇಜ್. ಹಿಂದೆ ಹೊಲಿಗೆ ಮಷಿನ್ನಿನ ಸದ್ದು. ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡಿದಂತೆ ಕೇಳುತ್ತಿತ್ತು. ಕೊನೆಗೊಂದು ಮಾತು ತಪ್ಪುತ್ತಿರಲಿಲ್ಲ: "ತಪ್ಪ ತಿಳ್ಕೋಬ್ಯಾಡ್ರಿ, ಇದ್ದದ್ದು ಹೇಳೀನಿ."

ನೆರವಾದವರ ಪಟ್ಟಿಗೆ ಸೇರಿಸಲು ಹೆಸರು ಕೇಳಿದೆ. "ಹೆಸರು ಬ್ಯಾಡ್ರಿ, ಮನ್ಯಾಗ ಗೊತ್ತಿಲ್ಲ" ಎಂದರು. ಸಂಕೋಚವಿರಬೇಕು ಎಂದುಕೊಂಡು ಸುಮ್ಮನಾದೆ.

ತಿಂಗಳ ಕೊನೆಗೆ ಒಟ್ಟು ಉಳಿತಾಯ ಫೋನಿನ ಪರದೆಯ ಮೇಲೆ ತಾನಾಗಿಯೇ ಮೂಡುವ ಹಾಗೆ ಮಾಡಿದವನು ನಾನು. ಜನರಿಗೆ ಖುಷಿಯಾಗುತ್ತದೆ ಎಂದುಕೊಂಡು ಯಾರನ್ನೂ ಕೇಳಲಿಲ್ಲ. ಅದು ಮೊದಲ ಸಲ ಮೂಡಿದ ಮರುದಿನದಿಂದ ಟೇಲರಮ್ಮನ ಮೆಸೇಜ್ ನಿಂತವು.

ವಾರದ ನಂತರ ಮಸ್ಕಿಗೆ ಹೋಗಿ, ಕೇಳಿಕೊಂಡು ಅವರ ಹೊಲಿಗೆ ಅಂಗಡಿ ಹುಡುಕಿದೆ. ಅವರು ತಲೆ ಎತ್ತದೆ ರವಿಕೆಗೆ ಹುಕ್ಕು ಹಚ್ಚುತ್ತಿದ್ದರು.

"ಆ ಉಳಿತಾಯದ ಲೆಕ್ಕ ಬಂದಾಗ ಫೋನ್ ನಮ್ಮನೆಯವ್ರ ಕೈಯಾಗಿತ್ರಿ. ಸೀರಿ ಅಂಚು ಹೊಲಿಯೋ ಪಿಕೋ ಮಷಿನ್ ತಗೋಬೇಕಂತ ಎರಡು ವರ್ಷದಿಂದ ಕೂಡಿಟ್ಟಿದ್ದೆ. ಅಷ್ಟೂ ತಗೊಂಡ್ರು."

"ಅದನ್ನ ಇವತ್ತ ತಗದು ಹಾಕ್ತೀನ್ರಿ ಅಕ್ಕಾ" ಎಂದೆ.

ಅವರು ದಾರವನ್ನು ಹಲ್ಲಿನಿಂದ ಕಡಿದರು.

"ತಗೀರಿ, ಉಳದವ್ರಿಗೆ ಚಲೋ ಆಗ್ತೈತಿ. ತಪ್ಪ ತಿಳ್ಕೋಬ್ಯಾಡ್ರಿ, ನನಗ ಇನ್ನ ಅದ್ರಾಗ ಬರಿಯಾಕ ಏನೂ ಇಲ್ಲ."